ಗೆಳತಿ ಕೊಟ್ಟ ಕೇಕ್ ರೆಸಿಪಿ ನನ್ನ ಕೈಗೆ ಯಾಕೆ ಬರ್ತಿಲ್ಲ? ಜೊತೆಗೆ, ಬಟ್ಟೆಗೆ ಜಿಡ್ಡಾಗದ ತಿಂಡಿ ಯಾವುದು?

ನೂಲುಂಡೆ:

ಎಲ್ಲರಿಗೂ ನಮಸ್ಕಾರ. ನಾವು ಏಳು ಜನ ಗೆಳತಿಯರು ಹದಿನೈದು ದಿನಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಕೌದಿ ಹೊಲಿಯುತ್ತೇವೆ. ಹೊಲಿಗೆ ಎರಡು ಗಂಟೆ, ಮಾತು ಮೂರು ಗಂಟೆ, ಅದು ಬೇರೆ ವಿಷಯ. ಯಾರ ಮನೆಯಲ್ಲಿ ಸೇರುತ್ತೇವೋ ಅವರು ಏನಾದರೂ ಬೇಕ್ ಮಾಡಿರಬೇಕು, ಎಲ್ಲರಿಗೂ ಇಷ್ಟವಾದರೆ ರೆಸಿಪಿ ಬರೆದು ಕೊಡಬೇಕು. ಇದು ನಮ್ಮ ನಡುವಿನ ಕರಾರು.

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಅವರ ನಿಂಬೆ ಕೇಕ್ ಅಂದರೆ ನಾವೆಲ್ಲ ಸೂಜಿ ಕೆಳಗಿಟ್ಟು ಕೂರುತ್ತೇವೆ. ಹಗುರ, ಒಳಗೆ ಸಣ್ಣ ಸಣ್ಣ ರಂಧ್ರ, ಎರಡು ದಿನವಾದರೂ ಒಣಗುವುದಿಲ್ಲ. ಅವರೇ ಕೈಯಾರೆ ಬರೆದುಕೊಟ್ಟ ಚೀಟಿ ನನ್ನ ಹತ್ತಿರ ಇದೆ: 2 ಕಪ್ ಮೈದಾ, 1 ಕಪ್ ಸಕ್ಕರೆ, ಮುಕ್ಕಾಲು ಕಪ್ ಮೊಸರು, ಅರ್ಧ ಕಪ್ ಎಣ್ಣೆ, 2 ಮೊಟ್ಟೆ, 2 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, 2 ನಿಂಬೆಹಣ್ಣಿನ ಸಿಪ್ಪೆಯ ತುರಿ, ಮುಕ್ಕಾಲು ಗಂಟೆ ಬೇಯಿಸಿ. ಅಷ್ಟೇ.

ಮೂರು ಸಲ ಮಾಡಿದೆ. ಮೂರು ಸಲವೂ ಅದೇ ಕಥೆ. ಮೇಲೆ ಒಳ್ಳೆ ಬಣ್ಣ ಬಂದಿರುತ್ತದೆ, ಚಾಕು ಹಾಕಿದರೆ ನಡುವೆ ಒಂದು ಪಟ್ಟೆ ಹಸಿ ಹಿಟ್ಟು. ಬೆಂದ ಭಾಗವೂ ಇಟ್ಟಿಗೆಯ ಹಾಗೆ ಗಟ್ಟಿ. ಎರಡನೇ ಸಲವಂತೂ ಹಿಟ್ಟು ಟಿನ್ನಿನಿಂದ ಉಕ್ಕಿ ಓವನ್ ತಳಕ್ಕೆ ಬಿದ್ದು, ಅದು ಸುಟ್ಟು ಮನೆಯೆಲ್ಲ ಹೊಗೆ. ಹೇಳಬಾರದು, ಆದರೂ ಹೇಳುತ್ತೇನೆ: ಅವರು ಏನೋ ಒಂದನ್ನು ಬೇಕಂತಲೇ ಬರೆದಿಲ್ಲ ಅಂತ ನನಗೆ ಅನುಮಾನ ಶುರುವಾಗಿದೆ. ಕೇಳೋಕೆ ಮುಜುಗರ.

ಇನ್ನೊಂದು ವಿಷಯ. ಕಳೆದ ಸಲ ನಾನು ಬ್ರೌನಿ ಮಾಡಿದ್ದೆ. ರುಚಿ ಚೆನ್ನಾಗಿತ್ತು, ಆದರೆ ಯಾರದೋ ಬೆರಳಿನ ಜಿಡ್ಡು ಒಬ್ಬರ ಬಿಳಿ ಬಾರ್ಡರ್ ಮೇಲೆ ಮೂಡಿಬಿಟ್ಟಿತು. ಆರು ತಿಂಗಳಿಂದ ಜೋಡಿಸುತ್ತಿರುವ ಕೌದಿ ಅದು. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚುತ್ತಿದೆ. ಜಿಡ್ಡು ತೆಗೆಯೋದು ಹೇಗೆ? ಮುಂದಿನ ಸಲಕ್ಕೆ ಕೈಗೆ ಅಂಟದ ರೆಸಿಪಿ ಯಾರ ಹತ್ತಿರ ಇದೆ?

---

ಕಾಲಿಂಚು:

ಪಾಪ, ಆ ಹಿರಿಯರನ್ನು ಬಿಟ್ಟುಬಿಡಿ. ಏನೂ ಮುಚ್ಚಿಟ್ಟಿರಲಿಕ್ಕಿಲ್ಲ. ನನ್ನ ಅನುಮಾನ ಇರುವುದು "ಕಪ್" ಅನ್ನುವ ಆ ಪದದ ಮೇಲೆ.

ನೀವು ಮೈದಾ ಅಳೆಯುವುದು ಹೇಗೆ? ಕಪ್ಪನ್ನೇ ಡಬ್ಬಿಯೊಳಗೆ ಅದ್ದಿ ತೆಗೆಯುತ್ತೀರಾ, ಇಲ್ಲ ಚಮಚದಲ್ಲಿ ಹಾಕಿ ಮೇಲೆ ಚಾಕುವಿನಿಂದ ಸವರುತ್ತೀರಾ? 240 ಮಿಲಿ ಕಪ್ಪಿಗೆ ಚಮಚದಲ್ಲಿ ಹಾಕಿದರೆ ಸುಮಾರು 120 ಗ್ರಾಂ ಹಿಡಿಯುತ್ತದೆ. ಅದೇ ಕಪ್ಪನ್ನು ಡಬ್ಬಿಗೆ ಒತ್ತಿ ತೆಗೆದರೆ 150 ಗ್ರಾಂ ತನಕ ಹೋಗುತ್ತದೆ. ಎರಡು ಕಪ್ಪಿಗೆ 60 ಗ್ರಾಂ ವ್ಯತ್ಯಾಸ ಅಂದರೆ ಹೆಚ್ಚೂಕಡಿಮೆ ಅರ್ಧ ಕಪ್ ಮೈದಾ ಜಾಸ್ತಿ ಬಿತ್ತು. ಕೇಕ್ ಇಟ್ಟಿಗೆ ಆಗದೆ ಏನಾಗುತ್ತದೆ?

ನೀವು ಕೌದಿ ಹೊಲಿಯುವವರು, ನಿಮಗೆ ಇದು ಬೇಗ ಅರ್ಥ ಆಗುತ್ತೆ. ಹೊಲಿಗೆ ಅಂಚು (ಹೊಲಿಗೆಯಿಂದ ಬಟ್ಟೆಯ ತುದಿಯ ತನಕ ಬಿಡುವ ಜಾಗ) ಕಾಲು ಇಂಚು ಇರಬೇಕಾದ ಕಡೆ ತುಸು ಜಾಸ್ತಿಯಾದರೆ, ಅಂದರೆ ಇಂಚಿನ 16ರಲ್ಲಿ 1 ಭಾಗ ತಪ್ಪಿದರೆ, ಒಂದು ಹೊಲಿಗೆಯಲ್ಲಿ ಕಾಣುವುದೇ ಇಲ್ಲ. ಆದರೆ ಪ್ರತಿ ಹೊಲಿಗೆಯಲ್ಲೂ ಎರಡು ಬಟ್ಟೆ ಸೇರಿ ತಪ್ಪು ಎರಡರಷ್ಟಾಗುತ್ತದೆ. ಎಂಟು ಹೊಲಿಗೆ ಮುಗಿಯುವ ಹೊತ್ತಿಗೆ ಸಾಲು ಪೂರ್ತಿ ಒಂದು ಇಂಚು ಗಿಡ್ಡ. ಬಟ್ಟೆ ಕತ್ತರಿಸುವಾಗ ಉಸಿರು ಬಿಗಿಹಿಡಿದು ಅಳೆಯುವ ನಾವು, ಅಡುಗೆಮನೆಗೆ ಹೋದ ಕೂಡಲೇ "ಒಂದು ಕಪ್" ಅಂದುಬಿಡುತ್ತೇವೆ.

ಒಂದು ಕೆಲಸ ಮಾಡಿ. ಅವರ ಮನೆಗೆ ಹೋಗಿ, ಅವರು ಕೇಕ್ ಮಾಡುವಾಗ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ತೂಕ ಹಾಕಿ. ಟಿನ್ನಿನ ಅಳತೆಯನ್ನೂ ಟೇಪ್ ಹಿಡಿದು ನೋಡಿ.

---

ತೇಪೆಬುಟ್ಟಿ:

ಬೇಕಿಂಗ್ ಪೌಡರ್ ಹಳೆಯದಾ ನೋಡಿ. ಬಿಸಿನೀರಿಗೆ ಒಂದು ಚಮಚ ಹಾಕಿದರೆ ಬುಸ್ ಅಂತ ನೊರೆ ಬರಬೇಕು. ಬರದಿದ್ದರೆ ಎಸೆಯಿರಿ. ಓವನ್ ಡಯಲ್ ತೋರಿಸುವ ಶಾಖವನ್ನೂ ನಂಬಬೇಡಿ. ನನ್ನದರಲ್ಲಿ 180 ಇಟ್ಟರೆ ಒಳಗೆ ಇರುವುದು 160, ಒಂದು ಸಣ್ಣ ಥರ್ಮಾಮೀಟರ್ ತಂದಿಟ್ಟ ಮೇಲೆ ಗೊತ್ತಾಯಿತು.

---

ಕಣ್ಣಳತೆ:

ಇಷ್ಟೆಲ್ಲ ಲೆಕ್ಕ ಯಾಕೆ ಅಂತ. ನಾನು ಮೂವತ್ತು ವರ್ಷದಿಂದ ಕಪ್ಪಿನಲ್ಲೇ ಅಳೆದು ಮಾಡುತ್ತಿದ್ದೇನೆ, ತಕ್ಕಡಿ ಮುಟ್ಟಿಲ್ಲ. ಯಾವ ಕಪ್ ಆದರೇನು, ಎಲ್ಲಕ್ಕೂ ಅದೇ ಕಪ್ ಬಳಸಿದರೆ ಪ್ರಮಾಣ ಸರಿಯಾಗೇ ಇರುತ್ತೆ ಅಲ್ವಾ? ಕಪ್ ದೊಡ್ಡದಾದರೆ ಕೇಕ್ ದೊಡ್ಡದಾಗುತ್ತೆ, ಅಷ್ಟೇ.

---

ಕಾಲಿಂಚು:

ಅಕ್ಕ, ನಿಮ್ಮ ಮಾತು ಮುಕ್ಕಾಲು ಪಾಲು ಸರಿ. ಕಪ್ಪಿನಲ್ಲಿ ಅಳೆಯುವ ಎಲ್ಲವೂ ಒಟ್ಟಿಗೆ ದೊಡ್ಡದಾಗುತ್ತದೆ. ಆದರೆ ಮೊಟ್ಟೆಯನ್ನು ಕಪ್ಪಿನಲ್ಲಿ ಅಳೆಯುತ್ತೀರಾ? ಕಪ್ ಎಷ್ಟೇ ದೊಡ್ಡದಿರಲಿ, ಮೊಟ್ಟೆ ಎರಡೇ. ಬೇಕಿಂಗ್ ಪೌಡರ್ ಎರಡು ಚಮಚವೇ. ಟಿನ್ ಅದೇ, ಗಡಿಯಾರದ ಮುಕ್ಕಾಲು ಗಂಟೆಯೂ ಅದೇ. ಹಿಟ್ಟು ಜಾಸ್ತಿಯಾಯಿತು, ಅದನ್ನು ಎತ್ತುವ ಸಾಮಾನು ಜಾಸ್ತಿಯಾಗಲಿಲ್ಲ. ಪ್ಯಾಟರ್ನನ್ನು ಜೆರಾಕ್ಸ್‌ನಲ್ಲಿ ದೊಡ್ಡದು ಮಾಡಿಸಿದಾಗ ಚಿತ್ರದ ಜೊತೆ ಹೊಲಿಗೆ ಅಂಚೂ ಉಬ್ಬಿ, ನಾವು ಮತ್ತೆ ಕಾಲು ಇಂಚಿನ ಗೆರೆ ಬೇರೆ ಹಾಕಿಕೊಳ್ಳುತ್ತೇವಲ್ಲ, ಅದರ ಉಲ್ಟಾ ಲೆಕ್ಕ ಇದು: ಅಲ್ಲಿ ಬೆಳೆಯಬಾರದ್ದು ಬೆಳೆಯುತ್ತದೆ, ಇಲ್ಲಿ ಬೆಳೆಯಬೇಕಾದದ್ದು ಬೆಳೆಯುವುದಿಲ್ಲ.

ನಿಮಗೆ ಮೂವತ್ತು ವರ್ಷದಿಂದ ಸರಿಬರುತ್ತಿರುವುದು ಕಪ್ ಬದಲಾಗಿಲ್ಲ ಅನ್ನುವ ಕಾರಣಕ್ಕೆ. ಅದೇ ಕಪ್, ಅದೇ ಕೈ. ರೆಸಿಪಿ ಇನ್ನೊಬ್ಬರ ಮನೆಗೆ ಹೋದಾಗ ಆ ಕಪ್ಪೂ ಹೋಗುವುದಿಲ್ಲ, ಆ ಕೈಯೂ ಹೋಗುವುದಿಲ್ಲ.

---

ಕಣ್ಣಳತೆ:

ಮೊಟ್ಟೆ ವಿಷಯ ಒಪ್ಪಿದೆ. ತಕ್ಕಡಿ ಮಾತ್ರ ಕೊಳ್ಳಲ್ಲ. 😄

---

ಸೂಜಿಮಲ್ಲಿ:

ಕೈಗೆ ಅಂಟದ ತಿಂಡಿ ಕೇಳಿದ್ದೀರಲ್ಲ, ನನ್ನದು ಎರಡು ಸಲ ಬೇಯಿಸುವ ಬಾದಾಮಿ ಬಿಸ್ಕತ್ತು. ಬಿಸ್ಕತ್ತು ಅನ್ನುವ ಪದದ ಮೂಲ ಅರ್ಥವೇ ಎರಡು ಸಲ ಬೇಯಿಸಿದ್ದು ಅಂತ, ನಾವು ಒಂದೇ ಸಲ ಬೇಯಿಸಿ ಅದೇ ಹೆಸರು ಇಟ್ಟುಕೊಂಡಿದ್ದೇವೆ. ಬೆಣ್ಣೆಯೂ ಇಲ್ಲ, ಎಣ್ಣೆಯೂ ಇಲ್ಲ. ಹಾಗಾಗಿ ಬಟ್ಟೆಗೆ ತಾಗಿದರೂ ಕೊಡವಿದರೆ ಹೋಗುತ್ತದೆ.

250 ಗ್ರಾಂ ಮೈದಾ, 160 ಗ್ರಾಂ ಸಕ್ಕರೆ, 1 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಕಲಸಿ. 2 ಮೊಟ್ಟೆ ಒಡೆದು ಚೆನ್ನಾಗಿ ಕಲಕಿ ಅದಕ್ಕೆ ಹಾಕಿ, 100 ಗ್ರಾಂ ಇಡೀ ಬಾದಾಮಿ ಸೇರಿಸಿ. ಮೊದಲು "ಅಯ್ಯೋ, ಇದು ಒಟ್ಟಾಗಲ್ಲ" ಅನಿಸುತ್ತದೆ, ಪುಡಿಪುಡಿಯಾಗೇ ಇರುತ್ತದೆ. ಗಾಬರಿಯಾಗಿ ಹಾಲು ಸುರಿಯಬೇಡಿ. ಎರಡು ನಿಮಿಷ ಕೈಯಲ್ಲೇ ಒತ್ತುತ್ತಾ ಇರಿ, ಸಕ್ಕರೆ ಕರಗುತ್ತಾ ಹಿಟ್ಟು ತಾನೇ ಒಟ್ಟಾಗುತ್ತದೆ. ಆಗಲೂ ಆಗದಿದ್ದರೆ ಒಂದೇ ಚಮಚ ಹಾಲು. ಎರಡು ಉದ್ದ ದಿಂಡು ಮಾಡಿ ಬಟರ್ ಪೇಪರ್ ಮೇಲಿಟ್ಟು 180 ಡಿಗ್ರಿಯಲ್ಲಿ 25 ನಿಮಿಷ. ಹೊರಗೆ ತೆಗೆದು ಹದಿನೈದು ನಿಮಿಷ ಆರಲು ಬಿಡಿ. ಬಿಸಿಯಲ್ಲಿ ಕತ್ತರಿಸಿದರೆ ಪುಡಿಯಾಗುತ್ತದೆ, ಪೂರ್ತಿ ತಣ್ಣಗಾದರೆ ಚಾಕು ಇಳಿಯುವುದಿಲ್ಲ. ಗರಗಸದ ಹಲ್ಲಿರುವ ಚಾಕುವಿನಲ್ಲಿ ಓರೆಯಾಗಿ, ಬೆರಳಿನ ದಪ್ಪಕ್ಕೆ ಕತ್ತರಿಸಿ, ಮಲಗಿಸಿ, 150 ಡಿಗ್ರಿಯಲ್ಲಿ ಒಂದೊಂದು ಬದಿ 10 ನಿಮಿಷ. ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ.

ಮೊಟ್ಟೆ ತಿನ್ನದವರು ಗುಂಪಿನಲ್ಲಿದ್ದರೆ ಶಾರ್ಟ್‌ಬ್ರೆಡ್ ಅನ್ನುವ ಬೆಣ್ಣೆ ಬಿಸ್ಕತ್ತು ಮಾಡಿ. ಅದರ ರೆಸಿಪಿ ಬರೆದುಕೊಳ್ಳುವುದೇ ಬೇಡ: ಒಂದು, ಎರಡು, ಮೂರು. 100 ಗ್ರಾಂ ಸಕ್ಕರೆ, 200 ಗ್ರಾಂ ಬೆಣ್ಣೆ, 300 ಗ್ರಾಂ ಮೈದಾ. 160 ಡಿಗ್ರಿ, ಅಂಚು ತುಸು ಕೆಂಪಾಗುವ ತನಕ. ಆದರೆ ಅದರಲ್ಲಿ ಬೆಣ್ಣೆ ಜಾಸ್ತಿ, ಬಿಳಿ ಬಾರ್ಡರ್ ಇರುವ ದಿನ ಬೇಡ.

ಮತ್ತೆ, ಬಾದಾಮಿ, ಕಡಲೆಬೀಜ, ವಾಲ್‌ನಟ್ ಏನೇ ಹಾಕಿದ್ದರೂ ಚೀಟಿಯ ಮೇಲೆ ದೊಡ್ಡದಾಗಿ ಬರೆಯಿರಿ. ನಮ್ಮ ಗುಂಪಿನಲ್ಲಿ ಒಬ್ಬರಿಗೆ ಅಲರ್ಜಿ ಇರುವುದು ನಮಗೆ ಗೊತ್ತಾದ ರೀತಿ ಚೆನ್ನಾಗಿರಲಿಲ್ಲ.

---

ಅಂಚುಪಟ್ಟಿ:

ಜಿಡ್ಡಿನ ಕಲೆಗೆ: ಮೊದಲು ಹೇಳಿ, ಅದರ ಮೇಲೆ ಇಸ್ತ್ರಿ ಆಡಿಸಿದ್ದೀರಾ? ಆಡಿಸಿಲ್ಲ ಅಂದರೆ ಕೆಲಸ ಸುಲಭ. ಶಾಖ ತಾಗಿದರೆ ಎಣ್ಣೆ ನೂಲಿನೊಳಗೆ ಕೂತುಬಿಡುತ್ತದೆ.

ನೀರು ಹಾಕಿ ಉಜ್ಜಬೇಡಿ, ಕಲೆ ಹರಡುತ್ತದೆ. ಕಾರ್ನ್‌ಫ್ಲೋರ್ ಅಥವಾ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಡಿ, ಆಮೇಲೆ ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ. ಇನ್ನೂ ನೆರಳು ಕಂಡರೆ ಬಟ್ಟೆಯ ಹಿಂಬದಿಯಿಂದ ಒಂದೇ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆರಳಿನಿಂದ ತಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಆ ಜಾಗ ಮಾತ್ರ ತೊಳೆಯಿರಿ. ಪಕ್ಕದಲ್ಲಿ ಕೆಂಪು, ಕಡುನೀಲಿ ಬಟ್ಟೆ ಇದ್ದರೆ ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದಾ ನೋಡಿ. ಬಿಟ್ಟರೆ ನೀರಿನ ತಂಟೆಗೇ ಹೋಗಬೇಡಿ. ನೆರಳಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿ, ಕಲೆ ಪೂರ್ತಿ ಹೋದ ಮೇಲಷ್ಟೇ ಇಸ್ತ್ರಿ.

ನಮ್ಮಲ್ಲಿ ಒಂದು ನಿಯಮ ಇದೆ. ತಿಂಡಿ ತಟ್ಟೆ ಬಂದರೆ ಕೌದಿ ಬೇರೆ ಕೋಣೆಗೆ ಹೋಗುತ್ತದೆ. ಕೈ ತೊಳೆದವರಿಗೆ ಮಾತ್ರ ವಾಪಸ್.

---

ನೂಲುಂಡೆ:

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಆದರೆ ಸುದ್ದಿ ಇದೆ.

ಕಲೆ ಮೊದಲು. ಇಸ್ತ್ರಿ ಆಗಿರಲಿಲ್ಲ, ದೇವರ ದಯೆ. ಕಾರ್ನ್‌ಫ್ಲೋರ್ ಎರಡು ಸಲ, ಲಿಕ್ವಿಡ್ ಒಂದು ಹನಿ. ಈಗ ಎಲ್ಲಿತ್ತು ಅಂತ ಹುಡುಕಬೇಕು.

ಇನ್ನು ಕೇಕ್. ಧೈರ್ಯ ಮಾಡಿ ಫೋನ್ ಮಾಡಿದೆ, "ನಿಮ್ಮ ಜೊತೆ ನಿಂತು ಒಂದು ಸಲ ನೋಡಬೇಕು" ಅಂದೆ. ಬೇಜಾರಾಗುತ್ತಾರೇನೋ ಅಂದುಕೊಂಡರೆ ಅವರು ಖುಷಿಯಿಂದ ಬಾ ಅಂದರು. ನನ್ನ ತಕ್ಕಡಿ ಚೀಲದಲ್ಲಿ ಹಾಕಿಕೊಂಡು ಹೋದೆ. ಅವರು ಡಬ್ಬಿ ತೆಗೆದು, ಅದರೊಳಗಿಂದ ಒಂದು ಹಳೆಯ ಟೀ ಕಪ್ ಎತ್ತಿದರು. ಹಿಡಿ ಮುರಿದಿದೆ, ಅಂಚಿನಲ್ಲಿ ನೀಲಿ ಗೆರೆ ಅರ್ಧ ಅಳಿಸಿಹೋಗಿದೆ. ಟೀ ಕುಡಿಯೋಕೆ ಬರಲ್ಲ ಅಂತ ಮೈದಾ ಡಬ್ಬಿಗೆ ಹಾಕಿದ್ದಂತೆ, ಅಲ್ಲೇ ಉಳಿದುಬಿಟ್ಟಿದೆ. ನೀರು ತುಂಬಿ ತೂಕ ಹಾಕಿದೆ. 180 ಗ್ರಾಂ. ಅಂದರೆ 180 ಮಿಲಿ. ನಾನು ಬಳಸುತ್ತಿದ್ದದ್ದು 240ರ ಕಪ್, ಅದೂ ಡಬ್ಬಿಗೆ ಅದ್ದಿ. ಅವರು ಮೈದಾ ಜರಡಿ ಹಿಡಿದು ಆಮೇಲೆ ಹಗುರಾಗಿ ತುಂಬುತ್ತಾರೆ. ಅವರ ಎರಡು ಕಪ್ 185 ಗ್ರಾಂ, ನನ್ನ ಎರಡು ಕಪ್ ಮನೆಗೆ ಬಂದು ತೂಗಿದರೆ 298.

ಜರಡಿ ವಿಷಯ ಚೀಟಿಯಲ್ಲಿ ಯಾಕೆ ಬರೆದಿಲ್ಲ ಅಂತ ಕೇಳಿದೆ. "ಜರಡಿ ಹಿಡಿಯದೆ ಯಾರಾದರೂ ಮೈದಾ ಬಳಸುತ್ತಾರಾ?" ಅಂತ ಅವರೇ ನನ್ನನ್ನು ಕೇಳಿದರು. ಅನುಮಾನ ಪಟ್ಟಿದ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಇಲ್ಲಿ ಹೇಳಿಕೊಂಡಿದ್ದೇ ಸಾಕು.

---

ತೇಪೆಬುಟ್ಟಿ:

ಕಥೆ ಆಯಿತು, ಗ್ರಾಂ ಲೆಕ್ಕದಲ್ಲಿ ರೆಸಿಪಿ ಎಲ್ಲಿ?

---

ಕಣ್ಣಳತೆ:

ಅದೇ ನಾನೂ ಕೇಳೋಣ ಅಂತಿದ್ದೆ. ಪಕ್ಕದ ಮನೆಯವರ ತಕ್ಕಡಿ ಇಸ್ಕೊಂಡು ಬಂದಿದ್ದೇನೆ.

---

ನೂಲುಂಡೆ:

ತಗೊಳ್ಳಿ. ಅವರನ್ನು ಕೇಳಿಯೇ ಹಾಕುತ್ತಿದ್ದೇನೆ.

ಜರಡಿ ಹಿಡಿದ ಮೈದಾ 185 ಗ್ರಾಂ, 2 ಟೀ ಚಮಚ (ಒಂದು 5 ಮಿಲಿ, ಸಮವಾಗಿ ಸವರಿ) ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಕಡೆ. ಸಕ್ಕರೆ 150 ಗ್ರಾಂ, ಅದಕ್ಕೆ 2 ನಿಂಬೆಹಣ್ಣಿನ ತುರಿ ಹಾಕಿ ಬೆರಳಿನಿಂದ ತಿಕ್ಕಬೇಕು, ಸಕ್ಕರೆ ಒದ್ದೆ ಮರಳಿನ ಹಾಗಾಗಿ ಘಮ್ ಅನ್ನುವ ತನಕ. ಇದೂ ಚೀಟಿಯಲ್ಲಿ ಇರಲಿಲ್ಲ ಬಿಡಿ. ಹಳದಿ ಸಿಪ್ಪೆ ಮಾತ್ರ, ಬಿಳಿ ಭಾಗ ಬಂದರೆ ಕಹಿ. ಅದಕ್ಕೆ 2 ಮೊಟ್ಟೆ (ಸಿಪ್ಪೆ ಬಿಟ್ಟು ಎರಡೂ ಸೇರಿ 100 ಗ್ರಾಂ), 135 ಗ್ರಾಂ ಮೊಸರು, 80 ಗ್ರಾಂ ವಾಸನೆ ಇಲ್ಲದ ಎಣ್ಣೆ ಸೇರಿಸಿ ಕಲಕಿ. ಕೊನೆಗೆ ಮೈದಾ. ಮೈದಾ ಬಿದ್ದ ಮೇಲೆ ಜಾಸ್ತಿ ಕಲಕಬೇಡಿ, ಬಿಳಿ ಪುಡಿ ಕಾಣದಾದರೆ ಸಾಕು.

ಟಿನ್: 8 ಇಂಚು ಉದ್ದ, 4 ಇಂಚು ಅಗಲ. ಓವನ್ 175 ಡಿಗ್ರಿ, ಮೊದಲೇ ಕಾದಿರಬೇಕು. 45ರಿಂದ 50 ನಿಮಿಷ. ನಡುವೆ ಕಡ್ಡಿ ಚುಚ್ಚಿದರೆ ಒಣಗೇ ಬರಬೇಕು.

ನಿನ್ನೆ ಮಾಡಿದೆ. ಪಟ್ಟೆ ಇಲ್ಲ.