ರೆಸ್ಲರ್‌ನ ಪಾತ್ರ ಕಟ್ಟೋದು ಯಾರು? ಕಂಪನಿಯೋ, ಅವನೋ?

ಟ್ರಂಪ್‌ಕಾರ್ಡ್ ಕಿಟ್ಟಿ: ನನ್ನ ಪ್ರಕಾರ ಕಂಪನಿ ಬರೆದುಕೊಟ್ಟ ಗಿಮಿಕ್ (ರೆಸ್ಲರ್‌ನ ಪಾತ್ರ, ವೇಷ) ನಿಲ್ಲಲ್ಲ, ರೆಸ್ಲರ್ ತಾನೇ ಕಟ್ಟಿಕೊಂಡದ್ದು ನಿಲ್ಲುತ್ತದೆ. 1996ರ ಶುರುವಿನಲ್ಲಿ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಎಫ್ (ಈಗಿನ ಡಬ್ಲ್ಯುಡಬ್ಲ್ಯುಇ) ಸ್ಟೀವ್ ಆಸ್ಟಿನ್‌ಗೆ 'ರಿಂಗ್‌ಮಾಸ್ಟರ್' ಅಂತ ಹೆಸರಿಟ್ಟಿತು. ಯಾರೂ ಕ್ಯಾರೇ ಅನ್ನಲಿಲ್ಲ. ಆತ ಟಿವಿಯಲ್ಲಿ ಬಾಡಿಗೆ ಹಂತಕನೊಬ್ಬನ ಡಾಕ್ಯುಮೆಂಟರಿ ನೋಡಿ, ಇಂಥ ತಣ್ಣನೆಯ ಕ್ರೂರಿ ಆಗಬೇಕು ಅಂದ. ಆಫೀಸಿನವರು ಕಳಿಸಿದ ಹೆಸರುಗಳಲ್ಲಿ 'ಫ್ಯಾಂಗ್ ಮೆಕ್‌ಫ್ರಾಸ್ಟ್' ಒಂದು! ಕೊನೆಗೆ ಹೆಂಡತಿ ಟೀ ಕೊಟ್ಟು, 'ಸ್ಟೋನ್ ಕೋಲ್ಡ್' (ಕಲ್ಲಿನಷ್ಟು ತಣ್ಣಗೆ) ಆಗೋ ಮುಂಚೆ ಕುಡಿ ಅಂದಾಗ ಹೆಸರು ಸಿಕ್ಕಿತು. ಜೂನ್‌ನಲ್ಲಿ ಬೈಬಲ್ ವಚನದ ಧಾಟಿಯಲ್ಲಿ 'ಆಸ್ಟಿನ್ 3:16' ಅಂದ. ಆಮೇಲೆ ಸೂಪರ್‌ಸ್ಟಾರ್ ಆದದ್ದು ಎಲ್ಲರಿಗೂ ಗೊತ್ತು.

ರಾಯಚೂರು ರಾಕ್: "ಕಂಪನಿ ಬರೆದುಕೊಟ್ಟದ್ದು ನಿಲ್ಲಲ್ಲ" ಅಂತೆ! ಅಂಡರ್‌ಟೇಕರ್ (ಶವಸಂಸ್ಕಾರ ಮಾಡುವವನ ಪಾತ್ರ) ಏನು ಆಕಾಶದಿಂದ ಉದುರಿದನಾ? ಆ ಪಾತ್ರದ ಮಾರ್ಕ್ ಕ್ಯಾಲವೇ 1990ರ ಶುರುವಿನಲ್ಲಿ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯುನಲ್ಲಿ 'ಮೀನ್ ಮಾರ್ಕ್'. ಎತ್ತರದ ಆಸಾಮಿ, ಅಷ್ಟೇ. ಡಬ್ಲ್ಯುಡಬ್ಲ್ಯುಎಫ್ ಮಾಲೀಕ ವಿನ್ಸ್ ಮೆಕ್‌ಮಹೋನ್ ಕೊಟ್ಟ ಹ್ಯಾಟು, ಕರಿ ಕೋಟು, ಬೂದು ಗ್ಲೌಸು ಹಾಕಿ ಆ ವರ್ಷದ ಸರ್ವೈವರ್ ಸೀರೀಸ್ ಶೋಗೆ ಬಂದ ಮೇಲೇ ಆತ ದೊಡ್ಡವನಾದದ್ದು. ವೇಷವೇ ಎಲ್ಲಾ.

ಟ್ರಂಪ್‌ಕಾರ್ಡ್ ಕಿಟ್ಟಿ: ವೇಷವೇ ಎಲ್ಲಾ ಆಗಿದ್ರೆ 1994ರ ಸಮ್ಮರ್‌ಸ್ಲ್ಯಾಮ್ ಶೋ ನೋಡಿ. ಬ್ರಯನ್ ಲೀ ಅನ್ನೋ ಇನ್ನೊಬ್ಬ ರೆಸ್ಲರ್‌ಗೆ ಅದೇ ಹ್ಯಾಟು, ಅದೇ ಬೂದು ಗ್ಲೌಸು ಹಾಕಿಸಿ ನಕಲಿ ಅಂಡರ್‌ಟೇಕರ್ ಮಾಡಿದರು. ಅಸಲಿಯವನು ನೇರಳೆ ಗ್ಲೌಸ್ ಹಾಕಿಕೊಂಡು ಬಂದು ಬಡಿದ. ನಕಲಿ ಕಥೆ ಅಲ್ಲಿಗೇ ಮುಗೀತು.

ಬಾಲ್ಕನಿ ಬಸು: ಬ್ರಯನ್ ಲೀ ಅಂತ ಹೊಸಬನನ್ನು ಎಲ್ಲಿಂದ ತಂದ್ರಿ? ಅಂಡರ್‌ಟೇಕರ್ ಒಬ್ಬನೇ. ಅಕ್ಷಯ್ ಕುಮಾರ್ ಜೊತೆ ಪಿಕ್ಚರ್‌ನಲ್ಲಿ ಹೊಡೆದಾಡಿದ್ದಾನಲ್ಲ, ಅವನೇ.

ಟ್ರಂಪ್‌ಕಾರ್ಡ್ ಕಿಟ್ಟಿ: ಸರ್, 1996ರ 'ಖಿಲಾಡಿಯೋಂ ಕಾ ಖಿಲಾಡಿ'ಯಲ್ಲಿ ಇದ್ದದ್ದೂ ಅದೇ ಬ್ರಯನ್ ಲೀ.

ಬಾಲ್ಕನಿ ಬಸು: ಸುಮ್ನೆ ಏನೇನೋ ಹೇಳಬೇಡಿ. ನಾನು ಥಿಯೇಟರ್‌ನಲ್ಲಿ ನೋಡಿದವನು. ಅವನು ಬಂದ ತಕ್ಷಣ ಜನ ಎದ್ದು ಶಿಳ್ಳೆ ಹೊಡೆದರು. ಅಷ್ಟೂ ಜನ ಕುರುಡರಾ?

ರಾಯಚೂರು ರಾಕ್: "ಜನ ಎದ್ದು ಶಿಳ್ಳೆ ಹೊಡೆದರು". ಬಸು ಅಣ್ಣಾ, ಥ್ಯಾಂಕ್ಸ್! ಹ್ಯಾಟು ನೋಡಿ ಹೊಡೆದರು, ಮುಖ ಯಾರು ನೋಡಿದರು? ಕಿಟ್ಟಿ, ನಿಮ್ಮ ಸಾಕ್ಷಿಯೇ ನನ್ನ ಕಡೆ ಬಂತು.

ಬಾಲ್ಕನಿ ಬಸು: ನಾನು ಮುಖ ನೋಡಿಲ್ಲ ಅಂದೆನಾ?

ಸುಮಾ ಶಿರಸಿ: ಪಿಕ್ಚರ್ ವಿಷಯ ಬಿಡ್ರಪ್ಪಾ. ಯಕ್ಷಗಾನದಲ್ಲೂ ಕೌರವನ ಕಿರೀಟ ಒಂದೇ ಥರ, ಆದ್ರೆ ಕಟ್ಟಿಕೊಂಡವರು ಯಾರು ಅಂತ ಕೇಳಿಯೇ ನಾವು ಆಟಕ್ಕೆ ಹೋಗೋದು. ಅಂಡರ್‌ಟೇಕರ್ ಏಟು ತಿಂದು ಅಂಗಾತ ಬಿದ್ದವನು, ಸೊಂಟದಿಂದ ಮೇಲಕ್ಕೆ ದಿಢೀರ್ ಎದ್ದು ಕೂತು, ನಿಧಾನ ತಲೆ ತಿರುಗಿಸಿ ಎದುರಾಳಿಯನ್ನು ನೋಡುತ್ತಿದ್ದನಲ್ಲ, ಅದನ್ನು ಕೋಟು ಮಾಡುತ್ತಾ? ಅವನ ಮ್ಯಾನೇಜರ್ ಪಾಲ್ ಬೇರರ್ ಶವಸಂಸ್ಕಾರದ ಕೋರ್ಸ್ ಓದಿದ್ದವನು. ಆ ಗಂಭೀರ ಮುಖ ಸುಮ್ನೆ ಬಂದದ್ದಲ್ಲ. ಇನ್ನೊಂದು, ನೀವಿಬ್ಬರೂ ಪ್ರೇಕ್ಷಕರನ್ನು ಮರೆತಿದ್ದೀರಿ. ರೆಸ್ಲರ್ ದಿ ರಾಕ್ (ಡ್ವೇನ್ ಜಾನ್ಸನ್) 1996ರಲ್ಲಿ 'ರಾಕಿ ಮೈವಿಯಾ' ಅಂತ ಹಲ್ಲು ಕಿರಿಯುವ ಒಳ್ಳೆ ಹುಡುಗನಾಗಿ ಬಂದ. ಜನ ಸಾಯಿ ಸಾಯಿ ಅಂತ ಕೂಗಿದರು. ಆ ಸಿಟ್ಟನ್ನೇ ಹಿಡಿದು ಮರುವರ್ಷ ವಿಲನ್ ಆದ, ಗೆದ್ದ.

ರಾಯಚೂರು ರಾಕ್: "ಹಲ್ಲು ಕಿರಿಯುವ"? ಮೇಡಂ, ರಾಕ್ ಬಗ್ಗೆ ಮರ್ಯಾದೆಯಿಂದ ಮಾತಾಡಿ.

ಗರಡಿ ಗುಂಡಣ್ಣ: ಎಲ್ಲಾ ನಾಟಕ. ಮೈಸೂರಿನ ದಸರಾ ಕುಸ್ತಿಗೆ ಬನ್ನಿ. ಜೋಡಿ ಕಟ್ಟಿದ ಮೇಲೆ ಮಟ್ಟಿಯಲ್ಲಿ ಹ್ಯಾಟು ಕೋಟು ಯಾವುದೂ ಇಲ್ಲ.

ಸುಮಾ ಶಿರಸಿ: ನಾಟಕ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ ಗುಂಡಣ್ಣ? ನಾಟಕದ ಪಾತ್ರ ಹೇಗೆ ಹುಟ್ಟುತ್ತೆ ಅನ್ನೋದೇ ಮಾತು.

ರಾಯಚೂರು ರಾಕ್: ಸರಿ, ಕೇನ್ ಪಾತ್ರ ತಗೊಳ್ಳಿ. ಅದನ್ನು ಮಾಡಿದ ಗ್ಲೆನ್ ಜೇಕಬ್ಸ್ 1995ರಲ್ಲಿ ಹಲ್ಲಿನ ಡಾಕ್ಟರ್ ಪಾತ್ರ, ಆಮೇಲೆ 'ಡೀಸಲ್' ಅನ್ನೋ ಇನ್ನೊಬ್ಬ ರೆಸ್ಲರ್‌ನ ನಕಲಿ. ಎರಡೂ ತೋಪು. 1997ರಲ್ಲಿ ಮುಖವಾಡ ಹಾಕಿ ಕೇನ್ ಆದ, ಹಿಟ್. ಆಳು ಅದೇ, ವೇಷ ಬೇರೆ. ಇದಕ್ಕೆ ಉತ್ತರ ಕೊಡಿ.

ಟ್ರಂಪ್‌ಕಾರ್ಡ್ ಕಿಟ್ಟಿ: "ಎರಡೂ ತೋಪು" ಅಂತ ನೀವೇ ಹೇಳಿದ್ರಿ. ಆ ಎರಡನ್ನೂ ಕೊಟ್ಟಿದ್ದು ಯಾರು? ಕಂಪನಿ!

ರಾಯಚೂರು ರಾಕ್: ಮೂರನೆಯದ್ದನ್ನು ನಿಮ್ಮ ಚಿಕ್ಕಪ್ಪ ಕೊಟ್ಟರಾ?

ಬಾಲ್ಕನಿ ಬಸು: ಅದೆಲ್ಲಾ ಇರಲಿ. ಪಿಕ್ಚರ್‌ನಲ್ಲಿ ಇದ್ದದ್ದು ಅಸಲಿ ಅಲ್ಲ ಅನ್ನೋಕೆ ಪ್ರೂಫ್ ಎಲ್ಲಿ?

ಟ್ರಂಪ್‌ಕಾರ್ಡ್ ಕಿಟ್ಟಿ: ತಗೊಳ್ಳಿ. ಸಿನಿಮಾಗೆ 25 ವರ್ಷ ತುಂಬಿದಾಗ, 2021ರಲ್ಲಿ, ಅಕ್ಷಯ್ ಕುಮಾರ್ ಅವರೇ ಟ್ವೀಟ್ ಮಾಡಿ ಅದು ಬ್ರಯನ್ ಲೀ ಅಂದರು. ಅದಕ್ಕೆ ಅಸಲಿ ಅಂಡರ್‌ಟೇಕರ್ ತಮಾಷೆಗೆ, ನಿಜವಾದ ರೀಮ್ಯಾಚ್‌ಗೆ ಯಾವಾಗ ರೆಡಿ ಅಂತ ತಿಳಿಸು ಅಂದ.

ಬಾಲ್ಕನಿ ಬಸು: ನೋಡಿದ್ರಾ! "ರೀಮ್ಯಾಚ್" ಅಂದ. ಮೊದಲ ಮ್ಯಾಚ್ ಆಡದವನು ರೀಮ್ಯಾಚ್ ಯಾಕೆ ಕೇಳ್ತಾನೆ?

ಟ್ರಂಪ್‌ಕಾರ್ಡ್ ಕಿಟ್ಟಿ: ಅದರ ಹಿಂದೆ "ನಿಜವಾದ" ಅಂತ ಇದೆಯಲ್ಲ ಸ್ವಾಮಿ!

ಬಾಲ್ಕನಿ ಬಸು: ಅದು ಒತ್ತಿ ಹೇಳಿದ್ದು ಅಷ್ಟೇ. ಗುಂಡಣ್ಣ, ನೀವಾದರೂ ಹೇಳಿ.

ಗರಡಿ ಗುಂಡಣ್ಣ: ನಾನು ಆ ಪಿಕ್ಚರ್ ನೋಡಿಲ್ಲ. ಆದ್ರೆ ಬಸು ಹೇಳೋದು ಸರಿ.