ಸಹಾಯ ಬೇಕು: ಮುರಕಲ್ಲಿನ ಮನೆಗೆ ಯಾವ ರೂಟರ್?

ಎಲ್ಲರಿಗೂ ನಮಸ್ಕಾರ. ಬ್ರಹ್ಮಾವರದ ಹತ್ತಿರ ನಮ್ಮದು ಹಳೆಯ ಹಂಚಿನ ಮನೆ, ಗೋಡೆಗಳೆಲ್ಲ ದಪ್ಪ ಮುರಕಲ್ಲಿನವು. ಫೈಬರ್ ಸಂಪರ್ಕ ಚಾವಡಿಗೆ ಬಂದಿದೆ. ಅಲ್ಲಿ ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಎರಡು ಗೋಡೆ ದಾಟಿದರೆ ಇಲ್ಲವೇ ಇಲ್ಲ. 2.4 ಗಿಗಾಹರ್ಟ್ಸ್ ಸಿಗ್ನಲ್ ಹಿಂದಿನ ಕೋಣೆಯವರೆಗೆ ತಲುಪುತ್ತದೆ, ಆದರೆ ಮಗಳ ಆನ್‌ಲೈನ್ ತರಗತಿ ನಡುನಡುವೆ ನಿಂತುಹೋಗುತ್ತದೆ. ಅಂಗಡಿಯವರು ದುಬಾರಿ ವೈಫೈ 6 ರೂಟರ್ ತೋರಿಸುತ್ತಾರೆ. ಒಂದೇ ರೂಟರ್ ಎಷ್ಟು ಒಳ್ಳೆಯದಾದರೂ ಈ ಕಲ್ಲನ್ನು ದಾಟಲಾರದು ಎಂದು ನನಗನಿಸುತ್ತದೆ. ಎರಡು ಘಟಕಗಳ ಮೆಶ್ (ಸೇರಿ ಒಂದೇ ವೈಫೈ ಜಾಲವಾಗಿ ಕೆಲಸ ಮಾಡುವ ಸಾಧನಗಳು) ಇಟ್ಟು, ನಡುವೆ ಕ್ಯಾಟ್ 6 ಕೇಬಲ್ (ತಾಮ್ರದ ನೆಟ್‌ವರ್ಕ್ ತಂತಿ) ಎಳೆಯಬಹುದೇ? ಫೈಬರ್ ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿ (ರೂಟರ್ ಕೆಲಸವನ್ನು ಮೆಶ್‌ಗೆ ಬಿಟ್ಟು) ಇರಬೇಕೇ, ಅಥವಾ ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ (ವೈಫೈ ಮಾತ್ರ ಹರಡುವ ಸಾಧನ) ಮಾಡಿದರೆ ಸಾಕೇ?

ಮುಂಗಾರಿಗೆ ಮೊದಲಿನ ಸಿಡಿಲಿನದು ಇನ್ನೂ ದೊಡ್ಡ ಚಿಂತೆ. ತಾಮ್ರದ ಕೇಬಲ್ ಮೂಲಕ ಮೆಶ್‌ನ ಎರಡೂ ಘಟಕಗಳು ಒಟ್ಟಿಗೆ ಸುಟ್ಟುಹೋದರೆ? ಗುಡುಗು ಕೇಳಿದೊಡನೆ ಪ್ಲಗ್ ತೆಗೆಯುತ್ತೇವೆ, ಆದರೆ ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡುವುದು? ಇಂಥ ಮನೆಯಲ್ಲಿ ಅಳವಡಿಸಿಕೊಂಡವರು ದಯವಿಟ್ಟು ತಿಳಿಸಿ.