ಅಧ್ಯಯನಕ್ಕೆ ಬರೋರನ್ನ ಶಾಪ್ ಒಳಗೆ ಬಿಡಬೇಕಾ?

ಹೆಬ್ಬಾಳದ ಸೆಟ್ಟರ್:
ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ 18 ವರ್ಷದಿಂದ ಇದ್ದೀನಿ. ಐಟಿಐ ಮುಗಿಸಿ ಬರೋ ಅಪ್ರೆಂಟಿಸ್ ಹುಡುಗರಿಗೆ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹೇಳಿದಂತೆ ಲೋಹ ತಿರುಗಿಸಿ ಕಡಿಯೋ ಯಂತ್ರ) ಕಲಿಸೋದು ನನ್ನ ಪಾಲಿನ ಕೆಲಸ.

ಮೂರು ವರ್ಷದ ಹಿಂದೆ ಒಂದು ಕಾಲೇಜಿನವರು ನಮ್ಮಲ್ಲಿ ಕಲಿಕೆ ಹೇಗೆ ನಡೆಯುತ್ತೆ ಅಂತ ಅಧ್ಯಯನಕ್ಕೆ ಬಂದಿದ್ರು. ಊಟದ ಬಿಡುವಿನಲ್ಲಿ ಎಲ್ಲರ ಕೈಗೂ ನಾಲ್ಕು ಹಾಳೆ ಕೊಟ್ಟರು. ತರಬೇತಿ ತೃಪ್ತಿ ತಂದಿದೆಯಾ, 1ರಿಂದ 5ರೊಳಗೆ ಗುರುತು ಹಾಕಿ. ಹುಡುಗರು ಕೈ ತೊಳ್ಕೊಂಡು ಬಂದು ಎಲ್ಲದಕ್ಕೂ 4 ಹಾಕಿದ್ರು. ಎರಡು ದಿನ ಬಂದರು, ಆಮೇಲೆ ಪತ್ತೆ ಇಲ್ಲ. ಏನು ಬರೆದರು ಅಂತ ಇವತ್ತಿಗೂ ತಿಳಿದಿಲ್ಲ.

ನನಗೆ ನೋವಾಗಿದ್ದು ಯಾಕೆ ಅಂದ್ರೆ, ಉತ್ತರ ಬೇಕಾದ ಪ್ರಶ್ನೆ ನಮ್ಮ ಹತ್ರಾನೇ ಇತ್ತು. ಇನ್ಸರ್ಟ್, ಅಂದ್ರೆ ಲೋಹ ಕಡಿಯೋ ಅಲಗು, ಸವೆದಾಗ ಸದ್ದು ಬದಲಾಗುತ್ತೆ, ಕಡಿದು ಬೀಳೋ ಲೋಹದ ಚಿಪ್ಸ್ ಬಣ್ಣ ಬದಲಾಗುತ್ತೆ. ಬೆನ್ನು ಮಾಡಿ ನಿಂತಿದ್ರೂ ನನಗೆ ಗೊತ್ತಾಗುತ್ತೆ. ಹುಡುಗರು ಮೈಕ್ರೋಮೀಟರ್‌ನಲ್ಲಿ ಅಳತೆ ತಪ್ಪಿದ್ಮೇಲೆ ಆಫ್‌ಸೆಟ್ ಕೊಟ್ಟು ಟೂಲ್ ಸರಿಹೊಂದಿಸ್ತಾರೆ, ಅಷ್ಟೊತ್ತಿಗೆ ನಾಲ್ಕೈದು ಪೀಸ್ ರಿಜೆಕ್ಟ್. ನನ್ನ ಕಿವಿಗೆ ಬಂದಿದ್ದು ಅವರ ಕಿವಿಗೆ ಬರೋದು ಹೇಗೆ?

ಈಗ ಪಿಎಚ್‌ಡಿ ಮಾಡ್ತಿರೋ ಒಬ್ಬ ಹುಡುಗಿ ಬರ್ತೀನಿ ಅಂತಿದ್ದಾಳೆ. ಓನರ್ ನಿರ್ಧಾರ ನನಗೇ ಬಿಟ್ಟಿದ್ದಾರೆ. ಏನು ಹೇಳಲಿ?

ಗಂಗೋತ್ರಿ ದಾರಿ:
ಅಣ್ಣಾ, ಬಿಡಿ. ಆದರೆ ನಿಮ್ಮ ಈ ಕಿವಿಯ ಪ್ರಶ್ನೆಯನ್ನೇ ಮೊದಲು ಅವರ ಮುಂದಿಡಿ. ನಾನೂ ಇದೇ ವಿಷಯ ಓದಿದವಳು. ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಅಂತ ಕಿರ್ಕ್‌ಪ್ಯಾಟ್ರಿಕ್ ಅನ್ನೋ ಅಮೆರಿಕದ ಪ್ರೊಫೆಸರ್ 1959ರಲ್ಲೇ ಬರೆದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ನಡೆ ಬದಲಾಯಿತಾ, ಫಲ ಸಿಕ್ಕಿತಾ. ನಿಮ್ಮಲ್ಲಿಗೆ ಬಂದ ಹಾಳೆ ಮೊದಲನೆಯದರಲ್ಲೇ ನಿಂತಿದೆ.

ಜೀನ್ ಲೇವ್ ಅನ್ನೋ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಲೈಬೀರಿಯಾದ ದರ್ಜಿಗಳ ಅಂಗಡಿಯಲ್ಲಿ ಕೂತು ನೋಡಿದರು. ಅಲ್ಲಿ ಹುಡುಗರು ಮೊದಲು ಗುಂಡಿ ಹಚ್ಚೋದು, ಅಂಚು ಹೊಲಿಯೋದು ಕಲೀತಾರೆ. ಕತ್ತರಿ ಕೈಗೆ ಬರೋದು ಕೊನೆಗೆ, ಬಟ್ಟೆ ತಪ್ಪಿ ಕತ್ತರಿಸಿದರೆ ಹಾಳು ಅಲ್ಲವಾ. ಇದು ಹಾಳೆ ಹಂಚಿದ್ದರೆ ಕಾಣ್ತಿರಲಿಲ್ಲ. ನಿಮ್ಮಲ್ಲಿಗೆ ಬರೋ ಹುಡುಗಿಯೂ ಕನಿಷ್ಠ ಒಂದು ತಿಂಗಳು ಶಿಫ್ಟ್‌ನಲ್ಲಿ ನಿಲ್ಲಲಿ.

ಮದ್ದೂರಿನ ಗದ್ದೆ:
ನಾನು ಫ್ಯಾಕ್ಟ್ರಿಯವನಲ್ಲ, ರೈತ. ಆದರೂ ಒಂದು ಮಾತು. ಕೃಷಿ ವಿಜ್ಞಾನಿಗಳು ಹೊಸ ತಳಿ ತಂದರೆ ನಮ್ಮ ಗದ್ದೆಯಲ್ಲೇ ಪ್ರಾತ್ಯಕ್ಷಿಕೆ ಹಾಕ್ತಾರೆ, ಪಕ್ಕದ ಮಡಿಯಲ್ಲಿ ನಮ್ಮ ಪದ್ಧತಿ. ಬೆಳೆ ನಿಂತಿರುವಾಗಲೇ ಕ್ಷೇತ್ರೋತ್ಸವ. ಊರವರೆಲ್ಲ ಬಂದು ತೆನೆ ಮುಟ್ಟಿ ನೋಡಿ, ಮುಖದ ಮೇಲೆ ಕೇಳ್ತಾರೆ. ನಿಮ್ಮ ಶಾಪ್‌ನಲ್ಲೂ ಹಾಗೆ ಒಂದಿನ ಮಾಡಿಸಿ, ವರದಿ ಅಚ್ಚಾಗೋಕೆ ಮುಂಚೆ.

ನಿವೃತ್ತ ಟರ್ನರ್ ಮೇಷ್ಟ್ರು:
ಹುಡುಗರು ಎಲ್ಲದಕ್ಕೂ 4 ಯಾಕೆ ಹಾಕಿದ್ರು ಗೊತ್ತಾ? ಹಾಳೆ ತುಂಬುವಾಗ ನೀವು ಅಲ್ಲೇ ಇದ್ರಾ? ಯಾರು ಏನಂದ್ರು ಅನ್ನೋದು ನಿಮಗೂ ಓನರ್‌ಗೂ ಹೋಗಬಾರದು. ಈ ಮಾತು ಮೊದಲೇ ಬರವಣಿಗೆಯಲ್ಲಿ ಆಗಲಿ. ಐಟಿಐನಲ್ಲಿ ಇಷ್ಟು ವರ್ಷ ಪಾಠ ಮಾಡಿದ್ದೀನಿ. ತನಗೆ ಅರ್ಥವಾಗಿಲ್ಲ ಅಂತ ಹುಡುಗ ಹೇಳೋದು ಮಾರ್ಕ್ಸ್ ಕೊಡೋ ಕೈ ಮುಂದೆ ಅಲ್ಲ.

ಹೆಬ್ಬಾಳದ ಸೆಟ್ಟರ್:
ಮೇಷ್ಟ್ರೇ, ಇದ್ದೆ. ಪಕ್ಕದಲ್ಲೇ ನಿಂತಿದ್ದೆ. ಇದು ನನಗೆ ಹೊಳೆದೇ ಇರಲಿಲ್ಲ.

ಆ ಹುಡುಗಿಗೆ ಫೋನ್ ಮಾಡಿದೆ. ಹಾಳೆ ಸದ್ಯಕ್ಕೆ ಬೇಡ, ಸೋಮವಾರ ಸೆಕೆಂಡ್ ಶಿಫ್ಟ್‌ಗೆ ಬನ್ನಿ, ನಿಂತು ನೋಡಿ ಅಂದೆ. ಹುಡುಗರ ಜೊತೆ ಮಾತಾಡುವಾಗ ನಾನು ಕ್ಯಾಂಟೀನ್ ಕಡೆ ಹೋಗಿರ್ತೀನಿ. ಆರು ತಿಂಗಳ ರಿಜೆಕ್ಷನ್ ರಿಜಿಸ್ಟರ್ ತೆಗೆದಿಟ್ಟಿದ್ದೀನಿ, ಯಾವ ಪೀಸ್ ಯಾವ ಗಂಟೆಯಲ್ಲಿ ಹೋಯಿತು ಅಂತ ಅದರಲ್ಲಿದೆ. ಕ್ಷೇತ್ರೋತ್ಸವದ ಮಾತಿಗೆ ಓನರ್ ಒಪ್ಪಿದ್ದಾರೆ. ಸೇಫ್ಟಿ ಶೂ ಸೈಜ್ ಕೇಳೋದು ಮರೆತೆ, ಇವತ್ತು ಸಂಜೆ ಮತ್ತೆ ಫೋನ್ ಮಾಡಬೇಕು.